ಡ್ಯಾಮ್ ಬಂತು, ಗೆರೆ ಬರಲಿಲ್ಲ

ಮಲಪ್ರಭಾ ದಂಡೆಯ ಹಳ್ಳಿಯೊಂದಕ್ಕೆ ಸುದ್ದಿಗೆಂದು ಹೋದಾಗ ಅಜ್ಜರೊಬ್ಬರು ಗುಡಿ ಗೋಡೆಯ ಮೇಲಿನ ಎರಡು ನೀರಿನ ಕಲೆ ತೋರಿಸಿದರು. ‘ಇದು ಒಂಬತ್ತನೇ ಇಸವಿದು, ಅದು ಹತ್ತೊಂಬತ್ತರದು. ಹೊಸಾ ಮನಿ ಕಟ್ಟಾವ್ರು ಇದನ್ನ ನೋಡಂಗಿಲ್ಲ ತಮ್ಮಾ’ ಅಂದರು.

ನೀರಿನ ಮಟ್ಟ ನೋಡಿ ಮನೆ ಕಟ್ಟಬೇಕು ಎಂಬ ಈ ಮಾತು ಸರ್ಕಾರದ ಕಡತದಲ್ಲೂ ಇದೆ. ಅದಕ್ಕೆ ಸುಮಾರು 50 ವರ್ಷ ವಯಸ್ಸು.

1975ರಲ್ಲಿ ಕೇಂದ್ರ ಸರ್ಕಾರ ಪ್ರವಾಹ ಬಯಲಿನ ಬಗ್ಗೆ ಒಂದು ಮಾದರಿ ಮಸೂದೆಯನ್ನು ರಾಜ್ಯಗಳಿಗೆ ಕಳಿಸಿತು. ನೀರು ರಾಜ್ಯಪಟ್ಟಿಯ ವಿಷಯ. ಹಾಗಾಗಿ ಕಾನೂನು ಮಾಡಬೇಕಾದವರು ರಾಜ್ಯದವರೇ. ಮಸೂದೆಯ ತಿರುಳು ಇಷ್ಟು: ಹೊಳೆ ನೀರು ಎಲ್ಲಿವರೆಗೆ ಹರಡುತ್ತದೆ ಎಂದು ಅಳೆದು ನಕ್ಷೆಯಲ್ಲಿ ಗೆರೆ ಹಾಕಬೇಕು. ಗೆರೆಯೊಳಗೆ ಏನು ಕಟ್ಟಬಹುದು, ಏನು ಕಟ್ಟಬಾರದು ಎಂದು ಗೊತ್ತುಮಾಡಬೇಕು.

ಕೇಂದ್ರದ ಮಾರ್ಗಸೂಚಿ ಪ್ರಕಾರ ಆಸ್ಪತ್ರೆಯಂಥ ಕಟ್ಟಡ 100 ವರ್ಷದ ಪ್ರವಾಹ ಮಟ್ಟಕ್ಕಿಂತ ಮೇಲಿರಬೇಕು. ಮನೆ, ಕಚೇರಿ 25 ವರ್ಷದ ಮಟ್ಟಕ್ಕಿಂತ ಮೇಲಿರಬೇಕು. ಆಟದ ಮೈದಾನ ತಗ್ಗಿನಲ್ಲಿದ್ದರೂ ನಡೆಯುತ್ತದೆ. 100 ವರ್ಷದ ಪ್ರವಾಹ ಅಂದರೆ 100 ವರ್ಷಕ್ಕೆ ಒಮ್ಮೆ ಬಂದು ಹೋಗುವುದಲ್ಲ. ಪ್ರತಿ ವರ್ಷವೂ ಅದು ಬರುವ ಸಾಧ್ಯತೆ 100ಕ್ಕೆ 1.

ಮಣಿಪುರ 1978ರಲ್ಲಿ, ರಾಜಸ್ಥಾನ 1990ರಲ್ಲಿ ಕಾಯ್ದೆ ಮಾಡಿದವು. ಆದರೆ ಮಣಿಪುರದಲ್ಲಿ ಗೆರೆ ಎಳೆಯುವ ಕೆಲಸ ದಶಕಗಳ ಕಾಲ ಹಾಗೇ ಉಳಿಯಿತು. ಕರ್ನಾಟಕದಲ್ಲಿ ಇಂಥ ಪ್ರತ್ಯೇಕ ಕಾಯ್ದೆಯೇ ಬರಲಿಲ್ಲ.

ಅದೇ 1970ರ ದಶಕದಲ್ಲಿ ನಮ್ಮಲ್ಲಿ ಬಂದದ್ದು ಸವದತ್ತಿ ಹತ್ತಿರದ ನವಿಲುತೀರ್ಥ ಡ್ಯಾಮ್. ಕಾಲುವೆಗೆ ನೀರು ಬಂತು, ಕೆಳಗಿನ ಹೊಳೆ ಬಡವಾಯಿತು. ಒಣ ಪಾತ್ರದ ಅಂಚಿನವರೆಗೂ ಹೊಲ ಬಂದವು. ಹೊಳೆ ಇಕ್ಕಟ್ಟಾಯಿತು. ಡ್ಯಾಮ್ ತುಂಬಿ ಗೇಟು ತೆಗೆದಾಗ ನೀರು ಹರಿಯಲು ಜಾಗ ಸಾಲದೆ ಊರಿಗೆ ನುಗ್ಗಿತು. 2019ರಲ್ಲಿ ಪಟ್ಟದಕಲ್ಲಿನ ಗುಡಿಗಳಿಗೂ ನೀರು ಹೊಕ್ಕಿತು.

2009ರ ನೆರೆಯ ನಂತರ ಸರ್ಕಾರ ‘ಆಸರೆ’ ಯೋಜನೆಯಲ್ಲಿ ದಾನಿಗಳ ನೆರವಿನಿಂದ ಹೊಸ ಊರುಗಳನ್ನು ಕಟ್ಟಿಸಿತು. ದನ ಕಟ್ಟಲು ಜಾಗವಿಲ್ಲ, ಹೊಲ ದೂರ ಎಂದು ಎಷ್ಟೋ ಮಂದಿ ಹಳೇ ಊರಲ್ಲೇ ಉಳಿದರು. ಹತ್ತು ವರ್ಷದಲ್ಲಿ ಮತ್ತೆ ನೀರು ಬಂತು. ಜನರನ್ನು ಎಬ್ಬಿಸಿದ್ದಾಯಿತು, ಗೆರೆ ಮಾತ್ರ ಎಳೆಯಲಿಲ್ಲ.

ಗೆರೆ ಅಂದರೆ ಹೊಲ ಹೋಯಿತು ಎಂಬ ಭಯ ಸಹಜ. ಆದರೆ ನಿರ್ಬಂಧದಿಂದ ನಷ್ಟವಾದವರಿಗೆ ಪರಿಹಾರ ಕೊಡುವ ಮಾತೂ ಆ ಮಸೂದೆಯಲ್ಲಿದೆ. ಗದ್ದಲ ಹೊಲಕ್ಕಿಂತ ಹೆಚ್ಚಾಗಿ ಮನೆ, ಶಾಲೆ, ಅಂಗನವಾಡಿಯದು. ಬೆಳೆ ಹೋದರೆ ಮುಂದಿನ ವರ್ಷ ಬಿತ್ತಬಹುದು. ಮಕ್ಕಳು ಮಲಗಿರುವ ಮನೆಯ ಗೋಡೆ ರಾತ್ರಿ ಬಿದ್ದರೆ?

ಕಾಯ್ದೆ ಬರುವವರೆಗೆ ಒಂದು ಕೆಲಸ ನಮ್ಮ ಕೈಯಲ್ಲಿದೆ. ಗುಡಿ, ಶಾಲೆ, ಕರೆಂಟ್ ಕಂಬದ ಮೇಲೆ 2009 ಮತ್ತು 2019ರ ನೀರಿನ ಮಟ್ಟಕ್ಕೆ ಬಣ್ಣದ ಪಟ್ಟಿ ಬಳಿಯಿರಿ. ಗ್ರಾಮಸಭೆಯಲ್ಲಿ ಆ ಮಟ್ಟವನ್ನು ಠರಾವಿನಲ್ಲಿ ಬರೆಸಿ. ಮುಂದಿನ ಅಂಗನವಾಡಿಗೆ ಜಾಗ ನೋಡುವಾಗ ಆ ಪಟ್ಟಿಯನ್ನು ತೋರಿಸಿ. ಮಟ್ಟ ಕಂಡ ಹಿರಿಯರು ಇನ್ನೂ ನಮ್ಮ ನಡುವೆ ಇದ್ದಾರೆ. ಅವರು ಇರುವಾಗಲೇ ಕೇಳಿಕೊಳ್ಳೋಣ.