ಕಾಂಟ್ರಾಸ್ಟ್ ಇಲ್ಲದ ಕುತ್ತಿಗೆಯ ಎಂಆರ್ ಆಂಜಿಯೋಗ್ರಫಿ: ಯಾದಗಿರಿ ಜಿಲ್ಲೆಯ ದೃಷ್ಟಿಯಿಂದ

ಸುರಪುರ, ಶಹಾಪುರದ ಕಡೆ ಲಕ್ವಾ ಹೊಡೆದವರನ್ನು ಹೆಚ್ಚಿನ ತಪಾಸಣೆಗೆ ಕಲಬುರಗಿಗೋ ರಾಯಚೂರಿಗೋ ಕರೆದೊಯ್ಯುವುದು ಹಳೆಯ ರೂಢಿ. ಯಾದಗಿರಿ 2009ರ ಕೊನೆಯಲ್ಲಿ ಪ್ರತ್ಯೇಕ ಜಿಲ್ಲೆಯಾಯಿತು. ಈಗ ವೈದ್ಯಕೀಯ ಕಾಲೇಜೂ ಇದೆ. ಲಕ್ವಾಗೆ ಕಾರಣವಾಗಬಲ್ಲ ಕುತ್ತಿಗೆಯ ಕೆರೋಟಿಡ್ ಧಮನಿಯ ಸಂಕೋಚನವನ್ನು ಪತ್ತೆಹಚ್ಚಲು ಇಲ್ಲಿನ ರೋಗಿಗೆ ಡಾಪ್ಲರ್ ಅಲ್ಟ್ರಾಸೌಂಡ್ ಮೊದಲ ಪರೀಕ್ಷೆ ಎಂಬುದರಲ್ಲಿ ತಕರಾರಿಲ್ಲ. ಎರಡನೆಯದು ಗ್ಯಾಡೋಲಿನಿಯಂ ಎಂಬ ಕಾಂಟ್ರಾಸ್ಟ್ ಚುಚ್ಚದೆ ಮಾಡುವ 'ಟೈಮ್ ಆಫ್ ಫ್ಲೈಟ್' ಎಂಆರ್ ಚಿತ್ರಣವಾಗಲಿ ಎಂಬುದು ನನ್ನ ವಾದ.

ಇದರ ತತ್ವ ಸರಳ. ಒಂದೇ ಭಾಗಕ್ಕೆ ಬೆನ್ನುಬೆನ್ನಿಗೆ ರೇಡಿಯೋ ಸ್ಪಂದನ ಕೊಟ್ಟಾಗ ಅಲ್ಲೇ ನಿಂತ ಅಂಗಾಂಶದ ಸಂಕೇತ ಕುಗ್ಗುತ್ತದೆ. ಕೆಳಗಿನಿಂದ ಹೊಸದಾಗಿ ನುಗ್ಗಿದ ರಕ್ತ ಮಾತ್ರ ಬೆಳ್ಳಗೆ ಹೊಳೆಯುತ್ತದೆ. ತಲೆಯಿಂದ ಇಳಿಯುವ ಅಭಿಧಮನಿಯ ರಕ್ತವನ್ನು ಮೇಲ್ಭಾಗದ ಸ್ಯಾಚುರೇಶನ್ ಪಟ್ಟಿ ಅಳಿಸುತ್ತದೆ. 1.5 ಟೆಸ್ಲಾ ಯಂತ್ರ ಸಾಕು.

ತೊಡಕು ಇರುವುದೂ ಇದೇ ತತ್ವದಲ್ಲಿ. ಕಾಣುವುದು ಹರಿವು, ಧಮನಿಯ ಗೋಡೆಯಲ್ಲ. ಕವಲೊಡೆಯುವ ಉಬ್ಬಿನಲ್ಲಿ ರಕ್ತ ಸುಳಿಯಾಗಿ ತಿರುಗಿದರೆ ಆರೋಗ್ಯವಂತ ಗೋಡೆಯೂ ಕೊಬ್ಬು ಕಟ್ಟಿದಂತೆ ಕಾಣುತ್ತದೆ. ತೀರ ಕಿರಿದಾದ ಕಡೆ ಹರಿವು ಕದಡಿ ಸಂಕೇತವೇ ಮಾಯವಾಗುತ್ತದೆ. ಸಂಕೋಚನ ಇರುವುದಕ್ಕಿಂತ ಹೆಚ್ಚೆನಿಸುತ್ತದೆ. ರೋಗಿ ಉಗುಳು ನುಂಗಿದರೂ ಚಿತ್ರ ಕೆಡುತ್ತದೆ. ಇನ್ನೊಂದು ಮೋಸ ಕೆಲವು ದಿನ ಹಳೆಯದಾದ ರಕ್ತಗಡ್ಡೆಯದು: ಅದು ತಾನೇ ಬೆಳ್ಳಗಿದ್ದು ಹರಿವಿನ ವೇಷ ಹಾಕಬಲ್ಲದು. ಕೆರೋಟಿಡ್ ಶಸ್ತ್ರಚಿಕಿತ್ಸೆ ಕುರಿತ 1991ರ ನ್ಯಾಸೆಟ್ ಅಧ್ಯಯನ ಶೇ. 70ರಿಂದ 99ರ ಸಂಕೋಚನದಿಂದ ಲಕ್ಷಣ ತೋರಿದವರಿಗೆ ಶಸ್ತ್ರಚಿಕಿತ್ಸೆಯ ಲಾಭವನ್ನು ಸ್ಪಷ್ಟಪಡಿಸಿತು. ಆದ್ದರಿಂದ ಅರವತ್ತನ್ನು ಎಂಬತ್ತೆಂದು ಓದುವುದು ಸಣ್ಣ ತಪ್ಪಲ್ಲ.

ಕಾಂಟ್ರಾಸ್ಟ್ ಬಿಡಲು ಸಾಮಾನ್ಯವಾಗಿ ಹೇಳುವ ಕಾರಣ ಮೂತ್ರಪಿಂಡದ ಭಯ. 2006ರಲ್ಲಿ ಗ್ಯಾಡೋಲಿನಿಯಂಗೂ ಮೂತ್ರಪಿಂಡ ಕೆಟ್ಟವರಲ್ಲಿ ಚರ್ಮ ಗಟ್ಟಿಯಾಗುವ ಕಾಯಿಲೆಗೂ ನಂಟು ಹೊರಬಿತ್ತು, ನಿಜ. ಆದರೆ ಇಂದಿನ ಸ್ಥಿರ ಸಂಯುಕ್ತಗಳಲ್ಲಿ ಆ ಅಪಾಯ ತೀರ ಕಡಿಮೆ. ನನ್ನ ಕಾರಣಗಳು ಬೇರೆ: ಇಂಜೆಕ್ಷನ್ನಿನ ಖರ್ಚಿಲ್ಲ, ಮೂತ್ರಪಿಂಡದ ಸ್ಥಿತಿ ತಿಳಿಸುವ ಕ್ರಿಯಾಟಿನಿನ್ ವರದಿಗೆ ಕಾಯಬೇಕಿಲ್ಲ, ಚಿತ್ರ ಕೆಟ್ಟರೆ ಆಗಲೇ ಮತ್ತೆ ತೆಗೆಯಬಹುದು. ಎಡೆಲ್ಮನ್ ತಂಡ 2010ರಲ್ಲಿ ಕಾಲಿನ ಧಮನಿಗಳಿಗೆಂದು ಪ್ರಕಟಿಸಿದ, ಕಾಂಟ್ರಾಸ್ಟ್ ಬೇಡದ 'ಕ್ವಿಸ್' ಎಂಬ ಇನ್ನೊಂದು ಎಂಆರ್ ವಿಧಾನ ಮುಂದೆ ಕುತ್ತಿಗೆಗೂ ಬಂದಿದೆ. ಅದಕ್ಕೆ ತಕ್ಕ ಸಾಫ್ಟ್‌ವೇರ್ ಬೇಕು.

ಟೈಮ್ ಆಫ್ ಫ್ಲೈಟ್ ಸಹಜವೆಂದು ತೋರಿದರೆ ತೀವ್ರ ಸಂಕೋಚನ ಇಲ್ಲವೆಂದು ಬಹುಮಟ್ಟಿಗೆ ನಂಬಬಹುದು. ತೀವ್ರ ಸಂಕೋಚನ ಕಂಡು ಡಾಪ್ಲರ್ ಒಪ್ಪದಿದ್ದರೆ ಸಿಟಿ ಆಂಜಿಯೋಗ್ರಫಿ ಆಗುವ ತನಕ ಶಸ್ತ್ರಚಿಕಿತ್ಸೆಯ ಮಾತು ಬೇಡ. ಭಾರತೀಯರಲ್ಲಿ ತಲೆಬುರುಡೆಯೊಳಗಿನ ಧಮನಿಗಳ ಸಂಕೋಚನವೂ ಸಾಮಾನ್ಯವಾದ್ದರಿಂದ, ಕುತ್ತಿಗೆಗೆ ನಿಲ್ಲಿಸದೆ ಅದೇ ಸಲ ತಲೆಯ ಚಿತ್ರವನ್ನೂ ತೆಗೆಯಬೇಕು.