20 ಗೇಜಿನ ತಗಡು

ಹಳೆಯ ಮೋಟಾರು ಕಾರಿನ ಬಾಗಿಲಿನ ಕೆಳಅಂಚು ತುಕ್ಕು ಹಿಡಿದು ಉದುರಿತೆನ್ನಿ. ಕೆಟ್ಟ ಭಾಗವನ್ನು ಕತ್ತರಿಸಿ ಹೊಸ ತಗಡಿನ ತೇಪೆ ಹಾಕಬೇಕು. ಎಷ್ಟು ದಪ್ಪದ ತಗಡು ಎಂದು ಕೇಳಿದರೆ ಟಿಂಕರಿಂಗ್ ಕೆಲಸದವರು '20 ಗೇಜು' ಎನ್ನುತ್ತಾರೆ. ಈ ಇಪ್ಪತ್ತು ಅಂಗುಲದ ಲೆಕ್ಕವಲ್ಲ, ಮಿಲಿಮೀಟರಿನದೂ ಅಲ್ಲ. ನಂಬರು ಏರಿದಷ್ಟೂ ತಗಡು ತೆಳುವಾಗುವ ತಲೆಕೆಳಗಿನ ಲೆಕ್ಕ ಇದು.

ಇದರ ಮೂಲವಿರುವುದು ತಂತಿ ಎಳೆಯುವ ಕಸುಬಿನಲ್ಲಿ. ಕಬ್ಬಿಣದ ಸರಳನ್ನು ಅಚ್ಚಿನ ರಂಧ್ರದಲ್ಲಿ ತೂರಿಸಿ ಎಳೆದರೆ ಸಪೂರವಾಗುತ್ತದೆ. ಇನ್ನೂ ಕಿರಿದಾದ ರಂಧ್ರದಲ್ಲಿ ಎಳೆದರೆ ಮತ್ತಷ್ಟು ಸಪೂರ. ಹೆಚ್ಚು ಸಲ ಎಳೆದ ತಂತಿಗೆ ಹೆಚ್ಚಿನ ನಂಬರು. ತಗಡಿನ ವ್ಯಾಪಾರಿಗಳೂ ಇದೇ ಎಣಿಕೆಯನ್ನು ಎರವಲು ಪಡೆದರು. ಆದರೆ ಬ್ರಿಟನ್ನಿನಲ್ಲಿ ಹಲವು ಗೇಜುಗಳು ಒಟ್ಟಿಗೇ ಬಳಕೆಯಲ್ಲಿದ್ದು ಗೊಂದಲವೆದ್ದಿತು. ಕೊನೆಗೆ 1884ರಲ್ಲಿ 'ಸ್ಟ್ಯಾಂಡರ್ಡ್ ವೈರ್ ಗೇಜ್' ಅಲ್ಲಿ ಕಾನೂನುಬದ್ಧ ಅಳತೆಯಾಯಿತು. ಅಮೆರಿಕ ಸುಮ್ಮನಿರಲಿಲ್ಲ, 1893ರಲ್ಲಿ ಕಬ್ಬಿಣ, ಉಕ್ಕಿನ ತಗಡಿಗೆ ತನ್ನದೇ ಪಟ್ಟಿ ಮಾಡಿಕೊಂಡಿತು. ಅಲ್ಲಿ ಅಲ್ಯೂಮಿನಿಯಂಗೆ ಮತ್ತೊಂದು ಪಟ್ಟಿ. ಹೀಗಾಗಿ 18 ಗೇಜು ಎಂದರೆ ಬ್ರಿಟಿಷ್ ಲೆಕ್ಕದಲ್ಲಿ 1.22 ಮಿ.ಮೀ., ಅಮೆರಿಕದ ಅಲ್ಯೂಮಿನಿಯಂ ಲೆಕ್ಕದಲ್ಲಿ 1.02 ಮಿ.ಮೀ. ಭಾರತ 1956ರ ಕಾಯಿದೆಯ ಮೂಲಕ ಮೆಟ್ರಿಕ್ ಪದ್ಧತಿಗೆ ಬಂದರೂ ತಗಡಿನ ಅಂಗಡಿಗಳಲ್ಲಿ ಗೇಜಿನ ಮಾತು ನಿಂತಿಲ್ಲ.

ಕಳೆದ ಶತಮಾನದ ನಡುವಿನ ಬ್ರಿಟಿಷ್ ಕಾರುಗಳ ಹೊರಮೈಗೆ ಸಾಮಾನ್ಯವಾಗಿ 20 ಗೇಜಿನ, ಅಂದರೆ ಸುಮಾರು 0.9 ಮಿ.ಮೀ. ಉಕ್ಕು ಬಳಕೆಯಾಗುತ್ತಿತ್ತು. ಭಾರ ಹೊರುವ ಕಡೆ 18 ಗೇಜು. ಇಂದಿನ ಕಾರುಗಳ ಹೊರಮೈ 0.7 ಮಿ.ಮೀ. ಆಸುಪಾಸಿನದು. ಆ ತೆಳು ತಗಡನ್ನೇ ಹಳೆಯ ಕಾರಿಗೆ ಹಚ್ಚಿದರೆ ವೆಲ್ಡಿಂಗಿನ ಶಾಖಕ್ಕೆ ಬೇಗ ತೂತು ಬೀಳುತ್ತದೆ, ಸೊಟ್ಟಗಾಗುತ್ತದೆ. ದಪ್ಪ ಇದ್ದರೆ ಒಳ್ಳೆಯದಲ್ಲವೇ ಎಂದರೆ ಅದೂ ಅಲ್ಲ. ದಪ್ಪ ತಗಡು ಸುತ್ತಿಗೆಗೆ ಬಗ್ಗುವುದಿಲ್ಲ. ಅದನ್ನು ಕರಗಿಸುವ ಉರಿಗೆ ಪಕ್ಕದ ಹಳೆಯ ತಗಡು ಸುಟ್ಟುಹೋಗುತ್ತದೆ. ಪುಟ್ಟಿ ಬಳಿದು ಬಣ್ಣ ಹೊಡೆದರೆ ಈ ತಪ್ಪು ಕಣ್ಣಿಗೆ ಕಾಣುವುದಿಲ್ಲ ಎನ್ನುವುದೇ ತೊಂದರೆ.

ಪ್ರತ್ಯೇಕ ಚಾಸಿಯ ಮೇಲೆ ಕೂತ ಹಳೆಯ ಕಾರುಗಳಲ್ಲಿ ಭಾರವನ್ನೆಲ್ಲ ಚಾಸಿಯೇ ಹೊರುತ್ತಿತ್ತು. ತಗಡು ಬಹುಮಟ್ಟಿಗೆ ಹೊದಿಕೆ. 1934ರ ಸಿಟ್ರೊಯೆನ್ 'ತ್ರಾಕ್ಸಿಯೋಂ ಅವಾಂ' ತಗಡಿನ ಮೈಯನ್ನೇ ಚಾಸಿಯಾಗಿಸುವ ಕ್ರಮವನ್ನು ಜನಪ್ರಿಯಗೊಳಿಸಿತು. ಮಾರಿಸ್ ಆಕ್ಸ್‌ಫರ್ಡ್‌ನಿಂದ ಹುಟ್ಟಿ, 2014ರವರೆಗೂ ಬಂಗಾಳದ ಉತ್ತರಪಾರಾದಲ್ಲಿ ತಯಾರಾದ ನಮ್ಮ ಅಂಬಾಸಡರ್ ಕೂಡ ಅದೇ ಜಾತಿಯದು. ಇಂಥ ಕಾರಿನ ಬಾಗಿಲಡಿಯ ಪೆಟ್ಟಿಗೆಯಂಥ ತೊಲೆಗೆ ತೆಳು ತಗಡು ಹಾಕಿದರೆ ಕಾರಿನ ನಡುವೇ ಜಗ್ಗಿ, ಬಾಗಿಲು ಮುಚ್ಚದಂತಾಗಬಹುದು. ಅಪಘಾತದಲ್ಲಿ ಏನಾದೀತೆಂದು ಊಹಿಸಬಹುದು.

ಆದ್ದರಿಂದ ನುರಿತವರು ನಂಬರನ್ನು ನಂಬದೆ ಮೈಕ್ರೋಮೀಟರ್ ಹಿಡಿಯುತ್ತಾರೆ. ಅಳೆಯುವ ಮುನ್ನ ಎರಡೂ ಬದಿಯ ಬಣ್ಣ ಕೆರೆಯಬೇಕು. ತುಕ್ಕು ತಿಂದ ಜಾಗ ಲೆಕ್ಕಕ್ಕಿಲ್ಲ. ಉಬ್ಬು ಕೊಟ್ಟ ಕಡೆ ಅಚ್ಚಿನ ಒತ್ತಡಕ್ಕೆ ಉಕ್ಕು ಹಿಗ್ಗಿ ತೆಳುವಾಗಿರುತ್ತದೆ. ಹಾಗಾಗಿ ಬಾಗಿಲಿನ ರಬ್ಬರ್ ಬೀಡಿಂಗಿನ ಕೆಳಗಿನ ಚಪ್ಪಟೆ ಅಂಚಿನಲ್ಲಿ ಅಳೆಯುವುದು ಮೇಲು.