ಹಳೆಯ ಸುರುಳಿಯ ಬೆಲೆಯೂ ಅಗಲಿದವರ ನೆನಪೂ



ನವೆಂಬರ್ ತಿಂಗಳು ಬಂತೆಂದರೆ ನಮ್ಮ ಧರ್ಮಕೇಂದ್ರಗಳ ಸಮಾಧಿಭೂಮಿಗೆ ಹೊಸ ಕಳೆ ಬರುತ್ತದೆ. ಹುಲ್ಲು ಕಿತ್ತು, ಶಿಲುಬೆಗಳಿಗೆ ಸುಣ್ಣ ಬಳಿದು, ಹೂವು ಏರಿಸಿ, ಮೇಣದ ಬತ್ತಿ ಹಚ್ಚಿ ನಾವು ಅಗಲಿದವರನ್ನು ನೆನೆಯುತ್ತೇವೆ. ಬಲಿಪೂಜೆಗೆ ಮುನ್ನ ಅವರ ಹೆಸರುಗಳ ಪಟ್ಟಿಯನ್ನು ಗುರುಗಳ ಕೈಗೆ ಕೊಡುತ್ತೇವೆ. ಮೃತರ ಸ್ಮರಣೆಯ ಈ ದಿನಗಳಲ್ಲಿ ವಿಚಿತ್ರವೆನಿಸುವ ಒಂದು ಪ್ರಶ್ನೆಯನ್ನು ಕೇಳಿಕೊಳ್ಳೋಣ. ಮನೆಯವರೊಬ್ಬರು ತಮ್ಮ ಸಂತೋಷಕ್ಕಾಗಿ ತೆಗೆದ ಹಳೆಯ ಚಲನಚಿತ್ರದ ಸುರುಳಿಯೊಂದರ ಬೆಲೆ ಎಷ್ಟು?

ಮನೆಯಲ್ಲೇ ಚಲನಚಿತ್ರ ತೆಗೆಯುವ ಅನುಕೂಲವನ್ನು ಕೊಡಕ್ ಕಂಪನಿ 1923ರಲ್ಲಿ 16 ಮಿ.ಮೀ. ಕ್ಯಾಮೆರಾದ ಮೂಲಕ ಒದಗಿಸಿತು. ಅದು ಉಳ್ಳವರ ವಸ್ತುವಾಗಿತ್ತು. 1932ರಲ್ಲಿ ಬಂದ 8 ಮಿ.ಮೀ. ಫಿಲ್ಮು ಖರ್ಚನ್ನು ತಗ್ಗಿಸಿತು. ಅಮೆರಿಕ, ಯುರೋಪುಗಳ ಮಧ್ಯಮ ವರ್ಗದ ಮನೆಗಳಲ್ಲೂ ಮಗುವಿನ ಮೊದಲ ಹೆಜ್ಜೆ, ಮದುವೆ, ಪ್ರವಾಸಗಳು ಪರದೆಯ ಮೇಲೆ ಓಡಾಡತೊಡಗಿದವು. ಇಲ್ಲಿ ಒಂದು ವಿಷಯವನ್ನು ಗಮನಿಸಬೇಕು. ಸಿನಿಮಾ ಕಂಪನಿಯವರು ನೆಗೆಟಿವ್ ಇಟ್ಟುಕೊಂಡು ಅದರಿಂದ ನೂರಾರು ಪ್ರತಿ ಮಾಡಿಸುತ್ತಿದ್ದರು. ಮನೆಯ ಫಿಲ್ಮಿಗೆ ಸಾಮಾನ್ಯವಾಗಿ ನೆಗೆಟಿವ್ ಇರಲಿಲ್ಲ. ಕ್ಯಾಮೆರಾದೊಳಗೆ ಬೆಳಕು ಕಂಡ ಅದೇ ಪಟ್ಟಿಯನ್ನು ಸಂಸ್ಕರಿಸಿ ಪ್ರೊಜೆಕ್ಟರಿಗೆ ಹಾಕುತ್ತಿದ್ದರು. ಇದ್ದದ್ದು ಒಂದೇ ಪ್ರತಿ. ಅದು ಹರಿದರೆ, ಸುಟ್ಟರೆ, ಹಾಳಾದರೆ ಮತ್ತೊಂದಿಲ್ಲ. ಇಂಥ ಸುರುಳಿಗಳು ಅಪರೂಪವಾಗಲು ಮೊದಲ ಕಾರಣ ಇದೇ.

ಆ ಅಪರೂಪದ ಬೆಲೆ ಎಲ್ಲಿಯವರೆಗೆ ಏರಬಲ್ಲದು ಎಂಬುದಕ್ಕೆ 1963ರ ನವೆಂಬರ್ 22ರ ಘಟನೆಯೇ ಸಾಕ್ಷಿ. ಅಂದು ಅಮೆರಿಕದ ಡಲ್ಲಾಸ್ ನಗರದಲ್ಲಿ ಅಧ್ಯಕ್ಷ ಜಾನ್ ಕೆನಡಿಯವರ ಮೆರವಣಿಗೆ ಸಾಗಿತ್ತು. ಆ ದೇಶದ ಅಧ್ಯಕ್ಷ ಪದವಿಗೇರಿದ ಮೊದಲ ಕಥೋಲಿಕರು ಅವರು. ಅಬ್ರಹಾಂ ಜಪ್ರೂಡರ್ ಎಂಬ ಯೆಹೂದ್ಯರು ಆ ನಗರದಲ್ಲಿ ಹೆಣ್ಣುಮಕ್ಕಳ ಉಡುಪು ತಯಾರಿಸುವ ಉದ್ದಿಮೆ ನಡೆಸುತ್ತಿದ್ದರು. ಅಂದು ಬೆಳಿಗ್ಗೆ ಕ್ಯಾಮೆರಾವನ್ನು ಮನೆಯಲ್ಲೇ ಬಿಟ್ಟು ಬಂದಿದ್ದ ಅವರನ್ನು ಕಚೇರಿಯ ಸಹಾಯಕಿ ಒತ್ತಾಯಿಸಿ ವಾಪಸ್ಸು ಕಳುಹಿಸಿದರು. ಅವರಿಗೆ ತಲೆಸುತ್ತಿನ ತೊಂದರೆ ಇತ್ತು. ಕಾಂಕ್ರೀಟ್ ಕಟ್ಟೆಯ ಮೇಲೆ ನಿಂತಾಗ ಬೀಳದಂತೆ ಇನ್ನೊಬ್ಬ ಸಹೋದ್ಯೋಗಿ ಹಿಂದಿನಿಂದ ಹಿಡಿದುಕೊಂಡರು. ಮನೆಮಂದಿಗೆ ತೋರಿಸಲು ತೆಗೆದ ಆ 26 ಸೆಕೆಂಡುಗಳಲ್ಲಿ ಅಧ್ಯಕ್ಷರ ಹತ್ಯೆಯೇ ಸೆರೆಯಾಯಿತು. ಒಟ್ಟು 486 ಚೌಕಗಳು. ಸುಮಾರು 6 ಅಡಿ ಉದ್ದದ ಪಟ್ಟಿ. ಅತ್ತ ಆಸ್ಪತ್ರೆಯಲ್ಲಿ ಫಾದರ್ ಆಸ್ಕರ್ ಹ್ಯೂಬರ್ ಅವರು ಕೆನಡಿಯವರಿಗೆ ಅಂತಿಮ ಸಂಸ್ಕಾರ ನೀಡಿದರು.

ಕೆಲವೇ ದಿನಗಳಲ್ಲಿ 'ಲೈಫ್' ಪತ್ರಿಕೆ ಆ ಫಿಲ್ಮಿನ ಹಕ್ಕುಗಳನ್ನು ಒಟ್ಟು 1 ಲಕ್ಷ 50 ಸಾವಿರ ಡಾಲರಿಗೆ ಕೊಂಡಿತು. ಜಪ್ರೂಡರ್ ಹಣ ಪಡೆದರು ನಿಜ. ಆದರೆ ಅದರಲ್ಲಿ ಮೊದಲ 25 ಸಾವಿರ ಡಾಲರನ್ನು ಅದೇ ದಿನ ಡಲ್ಲಾಸಿನಲ್ಲಿ ಗುಂಡಿಗೆ ಬಲಿಯಾದ ಪೊಲೀಸ್ ಅಧಿಕಾರಿಯ ವಿಧವೆಗಾಗಿ ಕೊಟ್ಟರು. ಅಧ್ಯಕ್ಷರ ತಲೆಗೆ ಗುಂಡು ತಗುಲಿದ ಚೌಕವನ್ನು ಪ್ರಕಟಿಸಬಾರದೆಂದೂ ಕೇಳಿಕೊಂಡರು. ಕಂಡದ್ದರ ಭಾರ ಅವರನ್ನು ಬಿಟ್ಟಿರಲಿಲ್ಲ.

ಜಪ್ರೂಡರ್ 1970ರಲ್ಲಿ ತೀರಿಕೊಂಡರು. 1975ರಲ್ಲಿ ಪತ್ರಿಕೆಯ ಒಡೆತನದ ಸಂಸ್ಥೆ ಕೇವಲ 1 ಡಾಲರ್ ಪಡೆದು ಫಿಲ್ಮನ್ನು ಅವರ ಕುಟುಂಬಕ್ಕೆ ಮರಳಿಸಿತು. ಕುಟುಂಬದವರು 1978ರಲ್ಲಿ ಅದನ್ನು ರಾಷ್ಟ್ರೀಯ ಪತ್ರಾಗಾರದಲ್ಲಿ ಇರಿಸಿದರು. ಮುಂದೆ ಕಾನೂನಿನ ಪ್ರಕಾರ ಮೂಲ ಸುರುಳಿ ಸರಕಾರದ ವಶವಾದಾಗ ಪರಿಹಾರದ ಪ್ರಶ್ನೆ ಎದ್ದಿತು. 1999ರಲ್ಲಿ ಮೂವರು ಪಂಚರು ಕುಳಿತು ತೀರ್ಮಾನಿಸಿದರು. ಒಬ್ಬರು ಭಿನ್ನಾಭಿಪ್ರಾಯ ತಾಳಿದರೂ ಇಬ್ಬರ ಮತದಂತೆ ಗೊತ್ತಾದ ಬೆಲೆ 1 ಕೋಟಿ 60 ಲಕ್ಷ ಡಾಲರ್! ಅದೇ ವರ್ಷ ಕುಟುಂಬದವರು ಆ ಚಿತ್ರದ ಕೃತಿಸ್ವಾಮ್ಯವನ್ನು ಡಲ್ಲಾಸಿನ ವಸ್ತುಸಂಗ್ರಹಾಲಯಕ್ಕೆ ದಾನವಾಗಿ ಕೊಟ್ಟರು.

ಯೋಚಿಸಿ ನೋಡಿ. ಆ ದೃಶ್ಯಗಳ ಪ್ರತಿಗಳನ್ನು ಅಷ್ಟು ಹೊತ್ತಿಗೆ ಲೋಕವೆಲ್ಲ ನೋಡಿಯಾಗಿತ್ತು. ಆದರೂ ಅಷ್ಟು ಹಣ ಏತಕ್ಕೆ? ಮೂಲ ಪಟ್ಟಿ ಅಂದು ಆ ಜಾಗದಲ್ಲಿತ್ತು, ಆ ಬೆಳಕು ಅದನ್ನೇ ಮುಟ್ಟಿತ್ತು ಎಂಬುದಕ್ಕೆ. ಕಥೋಲಿಕರಾದ ನಮಗೆ ಇದು ಅರ್ಥವಾಗದ ಮಾತಲ್ಲ. ಸಂತರ ಅವಶೇಷಗಳನ್ನು ನಾವು ಗೌರವಿಸುತ್ತೇವೆ; ಸಂತರ ಚಿತ್ರಪಟ ಎಷ್ಟೇ ಇದ್ದರೂ ಅವರ ದೇಹದ ಒಂದು ಚೂರಿಗೆ ಬೇರೆಯೇ ಸ್ಥಾನವಿದೆ. ಆದರೆ ಒಂದು ವ್ಯತ್ಯಾಸವಿದೆ. ಪವಿತ್ರ ಅವಶೇಷಗಳನ್ನು ಮಾರುವುದು ಧರ್ಮಸಭೆಯ ಕಾನೂನಿನಲ್ಲಿ ಸಂಪೂರ್ಣ ನಿಷಿದ್ಧ. ಕೆಲವು ವಸ್ತುಗಳು ಅಮೂಲ್ಯವಾದುದರಿಂದಲೇ ಅವುಗಳಿಗೆ ಬೆಲೆ ಕಟ್ಟಬಾರದು ಎಂಬ ವಿವೇಕ ಅದರಲ್ಲಿದೆ. ಸಂತೆಯಲ್ಲಿ ಬೆಲೆ ಏರುವುದು ಸುರುಳಿಯಲ್ಲಿ ಸತ್ತವರು ಎಷ್ಟು ಪ್ರಸಿದ್ಧರು ಎಂಬುದರ ಮೇಲೆ. ಹಾಗಾದರೆ ಪ್ರಸಿದ್ಧರಲ್ಲದವರ ಗತಿಯೇನು?

ಇದಕ್ಕೆ ಉತ್ತರ ಇನ್ನೊಂದು ಸುರುಳಿಯಲ್ಲಿದೆ. 1938ರಲ್ಲಿ ಅಮೆರಿಕದಲ್ಲಿ ನೆಲೆಸಿದ್ದ ಡೇವಿಡ್ ಕರ್ಟ್ಜ್ ಎಂಬ ಯೆಹೂದ್ಯರು ಯುರೋಪ್ ಪ್ರವಾಸಕ್ಕೆ ಹೋದವರು ಪೋಲೆಂಡಿನ ನಾಶೆಲ್ಸ್ಕ್ ಎಂಬ ಸಣ್ಣ ಊರಿಗೂ ಹೋದರು. ಅಲ್ಲಿ ಸುಮಾರು ಮೂರು ನಿಮಿಷ ಕ್ಯಾಮೆರಾ ಓಡಿಸಿದರು. ಕ್ಯಾಮೆರಾ ಕಂಡ ಮಕ್ಕಳು ಮುಖ ತೋರಿಸಲು ಮುಗಿಬಿದ್ದರು, ಒಬ್ಬರನ್ನೊಬ್ಬರು ತಳ್ಳಿದರು, ನಕ್ಕರು. ಮರುವರ್ಷ ಯುದ್ಧ ಬಂತು. 1939ರ ಡಿಸೆಂಬರಿನಲ್ಲಿ ಆ ಊರಿನ ಯೆಹೂದ್ಯರನ್ನು ನಾಜಿಗಳು ಹೊರಗಟ್ಟಿದರು. ಸುಮಾರು 3,000 ಮಂದಿಯಲ್ಲಿ ಯುದ್ಧ ಮುಗಿಯುವ ಹೊತ್ತಿಗೆ ಬದುಕಿದ್ದವರು ನೂರಕ್ಕೂ ಕಡಿಮೆ.

2009ರಲ್ಲಿ ಅವರ ಮೊಮ್ಮಗ ಗ್ಲೆನ್ ಕರ್ಟ್ಜ್ ತಂದೆತಾಯಿಯರ ಮನೆಯ ಕಪಾಟಿನಲ್ಲಿ ಆ ಸುರುಳಿಯನ್ನು ಕಂಡರು. ಅದು ಕುಗ್ಗಿ, ಸುರುಟಿ ಹೋಗಿತ್ತು. ವಾಷಿಂಗ್ಟನ್ನಿನ ಹಾಲೊಕಾಸ್ಟ್ ಸ್ಮಾರಕ ಸಂಗ್ರಹಾಲಯಕ್ಕೆ ಅದನ್ನು ಕೊಟ್ಟಾಗ ತಜ್ಞರು ಕಷ್ಟಪಟ್ಟು ದೃಶ್ಯಗಳನ್ನು ಉಳಿಸಿ ಸಾರ್ವಜನಿಕರಿಗೆ ತೋರಿಸಿದರು. ಒಬ್ಬ ಮಹಿಳೆ ನೋಡುತ್ತಿದ್ದಂತೆ ಬೆರಗಾದರು. ಗುಂಪಿನಲ್ಲಿದ್ದ 13 ವರ್ಷದ ಹುಡುಗ ಅವರ ತಾತನೇ! ಆ ತಾತ ಇನ್ನೂ ಜೀವಂತವಾಗಿದ್ದರು. ಅವರು ತಮ್ಮ ಬಾಲ್ಯದ ಮುಖವನ್ನು ನೋಡಿದರು, ಪಕ್ಕದಲ್ಲಿದ್ದ ಕೆಲವರ ಹೆಸರು ಹೇಳಿದರು. ಆ ದೃಶ್ಯಗಳಲ್ಲಿ 150ಕ್ಕೂ ಹೆಚ್ಚು ಮುಖಗಳಿವೆ. ಹೆಸರು ಸಿಕ್ಕಿದ್ದು ಕೆಲವರದಷ್ಟೇ. ಈ ಮೂರು ನಿಮಿಷಗಳ ಕುರಿತು 2014ರಲ್ಲಿ ಗ್ಲೆನ್ ಕರ್ಟ್ಜ್ ಅವರ ಪುಸ್ತಕವೂ, 2021ರಲ್ಲಿ ಒಂದು ಸಾಕ್ಷ್ಯಚಿತ್ರವೂ ಬಂದವು.

ಪ್ರಿಯರೇ, ಮೊದಲ ಸುರುಳಿಗೆ ಪಂಚರು ಬೆಲೆ ಕಟ್ಟಿದರು. ಎರಡನೆಯದರ ಮೌಲ್ಯವನ್ನು ಒಬ್ಬ ಮೊಮ್ಮಗಳ ಕಣ್ಣು ಕಂಡುಹಿಡಿಯಿತು. ಒಂದು ಮುಖವನ್ನು ಗುರುತಿಸಿ ಹೆಸರು ಹಿಡಿದು ಕರೆಯುವವರೊಬ್ಬರು ಇರುವುದೇ ನೆನಪಿನ ನಿಜವಾದ ಸಂಪತ್ತು.

ಸಂತ ಯೊವಾನ್ನರ ಶುಭಸಂದೇಶದ ಆರನೆಯ ಅಧ್ಯಾಯವನ್ನು ನೆನಪಿಸಿಕೊಳ್ಳಿ. ಐದು ಸಾವಿರ ಮಂದಿ ಉಂಡು ತೃಪ್ತರಾದ ಮೇಲೂ ಪ್ರಭು ಯೇಸು ಮಿಕ್ಕ ತುಂಡುಗಳನ್ನು ಬಿಡಲಿಲ್ಲ. ಒಂದೂ ಹಾಳಾಗದಂತೆ ಒಟ್ಟುಗೂಡಿಸಲು ಶಿಷ್ಯರಿಗೆ ಹೇಳಿದರು. ಹನ್ನೆರಡು ಬುಟ್ಟಿ ತುಂಬಿದವು. ರೊಟ್ಟಿಯ ಚೂರನ್ನೇ ವ್ಯರ್ಥವಾಗಲು ಬಿಡದ ಪ್ರಭು, ಯಾರೂ ನೆನೆಯದ ಒಬ್ಬ ಬಡವನ ಬಾಳನ್ನು ವ್ಯರ್ಥವಾಗಲು ಬಿಡುವರೇ? ಮೃತರಿಗಾಗಿ ನಾವು ಅರ್ಪಿಸುವ ಬಲಿಪೂಜೆಯ ಭರವಸೆ ಇದೇ. ಲೋಕ ಮರೆತವರನ್ನೂ ದೇವರು ಮರೆಯುವುದಿಲ್ಲ.

ನಮ್ಮ ಮನೆಗಳಲ್ಲೂ ಇಂಥ ತುಂಡುಗಳಿವೆ. 8 ಮಿ.ಮೀ. ಸುರುಳಿ ಇರುವ ಮನೆಗಳು ಕಡಿಮೆ. ಆದರೆ ಮದುವೆ, ಪ್ರಥಮ ಪರಮಪ್ರಸಾದ, ಊರಹಬ್ಬದ ತೇರುಗಳ ವಿಡಿಯೋ ಕ್ಯಾಸೆಟ್ಟುಗಳು ಎಷ್ಟೋ ಮನೆಗಳ ಅಟ್ಟದಲ್ಲಿವೆ. ಅವುಗಳನ್ನು ಓಡಿಸುವ ಯಂತ್ರ ತಯಾರಿಸುತ್ತಿದ್ದ ಕೊನೆಯ ಕಂಪನಿಯೂ 2016ರಲ್ಲಿ ತಯಾರಿಕೆ ನಿಲ್ಲಿಸಿತು. ತೇವ, ಬೂಷ್ಟು, ಬಿಸಿಲುಗಳು ಕಾಯುವುದಿಲ್ಲ. ಈ ತಿಂಗಳು ಅವುಗಳನ್ನು ಕೆಳಗಿಳಿಸಿ, ಬಲ್ಲವರಿಂದ ಕಂಪ್ಯೂಟರಿಗೆ ಪ್ರತಿ ಮಾಡಿಸಿ, ಮೂಲವನ್ನೂ ಎಸೆಯದೆ ತಣ್ಣಗಿನ ಒಣ ಜಾಗದಲ್ಲಿಡಿ.

ಅದಕ್ಕಿಂತ ಮುಖ್ಯವಾದ ಇನ್ನೊಂದು ಕೆಲಸವಿದೆ. ಮನೆಯ ಹಿರಿಯರನ್ನು ಪಕ್ಕದಲ್ಲಿ ಕೂರಿಸಿಕೊಂಡು ನೋಡಿ. ಇವರು ಯಾರು, ಅವರು ಯಾರು ಎಂದು ಕೇಳಿ ಹೆಸರುಗಳನ್ನು ಬರೆದಿಡಿ. ಅಡುಗೆಯವರು, ಬ್ಯಾಂಡಿನವರು, ಮೂಲೆಯಲ್ಲಿ ನಿಂತ ಒಂಟಿ ಅಜ್ಜಿಯ ಹೆಸರನ್ನೂ ಬಿಡಬೇಡಿ. ಹಿರಿಯರು ಹೋದ ಮೇಲೆ ಕೇಳಲು ಯಾರೂ ಉಳಿಯುವುದಿಲ್ಲ. ಬರೆದ ಆ ಪಟ್ಟಿಯನ್ನು ಮುಂದಿನ ಪೂಜೆಗೆ ತನ್ನಿ. ಪೀಠದ ಮುಂದೆ ಅವರೆಲ್ಲರನ್ನೂ ಹೆಸರು ಹಿಡಿದು ನೆನೆಯೋಣ. ನಿತ್ಯ ವಿಶ್ರಾಂತಿ ಅವರದಾಗಲಿ.